ಅಲೆಕ್ಸಿಸ್ ಕ್ಯಾರೆಲ್ (1873–1944): ದಾನದ ಮೂತ್ರಪಿಂಡವನ್ನು ಕಸಿಗೆ ಅಣಿಗೊಳಿಸುವ ವಿದ್ಯೆಗೆ ಬುನಾದಿ ಹಾಕಿದ ಶಸ್ತ್ರವೈದ್ಯ

ಪೀಠಿಕೆ

ದಾನಿಯ ದೇಹದಿಂದ ತೆಗೆದ ಮೂತ್ರಪಿಂಡವನ್ನು ತೆಗೆದ ಸ್ಥಿತಿಯಲ್ಲಿಯೇ ರೋಗಿಯ ದೇಹಕ್ಕೆ ಜೋಡಿಸಲು ಸಾಧ್ಯವಿಲ್ಲ. ಅದನ್ನು ತಣ್ಣನೆಯ ದ್ರಾವಣದಿಂದ ತೊಳೆದು, ಮಂಜುಗಡ್ಡೆಯ ನಡುವೆ ಇರಿಸಿ, ಸುತ್ತಲಿನ ಕೊಬ್ಬನ್ನು ಬಿಡಿಸಿ, ರಕ್ತನಾಳಗಳನ್ನು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಅವುಗಳನ್ನು ಹೊಲಿದು ಸರಿಪಡಿಸಿದ ನಂತರವೇ ಕಸಿ ಮಾಡಲಾಗುತ್ತದೆ. ದಾನಿಯ ಶಸ್ತ್ರಚಿಕಿತ್ಸೆಗೂ ರೋಗಿಯ ಶಸ್ತ್ರಚಿಕಿತ್ಸೆಗೂ ನಡುವೆ ಪ್ರತ್ಯೇಕ ಮೇಜಿನ ಮೇಲೆ ನಡೆಯುವ ಈ ಕಾರ್ಯವನ್ನು ವೈದ್ಯರು ಬೆಂಚ್ ಸರ್ಜರಿ ಎಂದು ಕರೆಯುತ್ತಾರೆ.

ಭೀಮರಾಯನಗುಡಿ, ಶಹಾಪುರ, ಸುರಪುರ ಹಾಗೂ ಯಾದಗಿರಿ ಭಾಗದ ನಾಗರಿಕರು ಕಸಿಗೆ ಸಂಬಂಧಿಸಿದ ನೆರವು ಅಥವಾ ಅನುಮತಿಗಾಗಿ ಅರ್ಜಿ ಸಲ್ಲಿಸುವಾಗ ಸಂಬಂಧದ ದಾಖಲೆ, ಒಪ್ಪಿಗೆ ಪತ್ರ ಹಾಗೂ ಪರೀಕ್ಷಾ ವರದಿಗಳ ಬಗ್ಗೆ ತಿಳಿದುಕೊಳ್ಳುತ್ತಾರೆ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ದಾನದ ಅಂಗಕ್ಕೆ ಏನಾಗುತ್ತದೆ ಎಂಬುದು ಬಹುತೇಕರಿಗೆ ತಿಳಿದಿರುವುದಿಲ್ಲ. ಆ ಕಾರ್ಯಕ್ಕೆ ಅಡಿಪಾಯ ಹಾಕಿದ ಫ್ರಾನ್ಸ್ ದೇಶದ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್ ಅವರ ಜೀವನ ವೃತ್ತಾಂತವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕ್ಯಾರೆಲ್ ಅವರು 1873ರ ಜೂನ್ 28ರಂದು ಫ್ರಾನ್ಸಿನ ಲಿಯಾನ್ ನಗರಕ್ಕೆ ಹೊಂದಿಕೊಂಡಿರುವ ಸೇಂಟ್-ಫೊಯ್-ಲೆ-ಲಿಯಾನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬಟ್ಟೆಯ ಉದ್ಯಮದಲ್ಲಿದ್ದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ತಾಯಿಯ ಆಶ್ರಯದಲ್ಲಿ ಬೆಳೆದನು. ಅಲೆಕ್ಸಿಸ್ ಎಂಬುದು ತಂದೆಯ ಹೆಸರಾಗಿದ್ದು, ಅವರ ನಿಧನದ ನಂತರ ಮಗನಿಗೆ ಬಂದಿತು. ಲಿಯಾನ್ ರೇಷ್ಮೆ ನೇಯ್ಗೆಗೂ ಕಸೂತಿಗೂ ಹೆಸರಾದ ನಗರ. ಮುಂದೆ ಅವರ ಸಾಧನೆಗೆ ನೆರವಾದುದೂ ಈ ರೇಷ್ಮೆ ಮತ್ತು ಕಸೂತಿಯೇ ಎಂಬುದು ಗಮನಾರ್ಹ.

ಜೆಸ್ಯುಯಿಟ್ ಶಾಲೆಯಲ್ಲಿ ಶಿಕ್ಷಣ ಪಡೆದ ಅವರು ಲಿಯಾನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ 1900ರಲ್ಲಿ ವೈದ್ಯಕೀಯ ಪದವಿಯನ್ನು ಪಡೆದರು.

ಬದುಕಿನ ದಿಕ್ಕು ಬದಲಿಸಿದ ಘಟನೆ

1894ರ ಜೂನ್ 24ರಂದು ಲಿಯಾನ್ ನಗರಕ್ಕೆ ಭೇಟಿ ನೀಡಿದ್ದ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಅವರಿಗೆ ದುಷ್ಕರ್ಮಿಯೊಬ್ಬನು ಚೂರಿಯಿಂದ ಇರಿದನು. ಯಕೃತ್ತಿಗೆ ರಕ್ತವನ್ನು ಒಯ್ಯುವ ದೊಡ್ಡ ನಾಳವೊಂದು ಕತ್ತರಿಸಿಹೋಯಿತು. ನಗರದ ಹೆಸರಾಂತ ಶಸ್ತ್ರವೈದ್ಯರು ಹಾಜರಿದ್ದರೂ ಆ ನಾಳವನ್ನು ಜೋಡಿಸುವ ವಿಧಾನ ಯಾರಿಗೂ ತಿಳಿದಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಅಧ್ಯಕ್ಷರು ಅಸುನೀಗಿದರು.

ಆಗ ಕ್ಯಾರೆಲ್ ಅವರಿಗೆ 20 ವರ್ಷ. ಚರ್ಮವನ್ನು ಹೊಲಿಯಬಲ್ಲ ವೈದ್ಯರು ರಕ್ತನಾಳವನ್ನು ಏಕೆ ಹೊಲಿಯಲಾರರು ಎಂಬ ಪ್ರಶ್ನೆ ಅವರನ್ನು ಬಿಡದೆ ಕಾಡಿತು. ಅಂದಿನ ದಿನಗಳಲ್ಲಿ ಹಾನಿಗೊಂಡ ದೊಡ್ಡ ರಕ್ತನಾಳವನ್ನು ಸಾಮಾನ್ಯವಾಗಿ ಕಟ್ಟಿಬಿಡಲಾಗುತ್ತಿತ್ತು. ಕಟ್ಟಿದರೆ ರಕ್ತಸ್ರಾವ ನಿಲ್ಲುತ್ತಿತ್ತು. ಆದರೆ ಆ ನಾಳವನ್ನು ನೆಚ್ಚಿಕೊಂಡ ಅಂಗವೂ ಸಾಯುವ ಅಪಾಯವಿತ್ತು. ಹೊಲಿಯಲು ಯತ್ನಿಸಿದಾಗ ಸೂಜಿಯ ದಪ್ಪ, ದಾರದ ಒರಟುತನ ಹಾಗೂ ಗಾಯಗೊಂಡ ಒಳಪದರಗಳಿಂದಾಗಿ ನಾಳದೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತಿತ್ತು.

ಕಸೂತಿಯಿಂದ ಕಲಿತ ಪಾಠ

ಕ್ಯಾರೆಲ್ ಅವರು ಲಿಯಾನ್ ನಗರದ ನಿಪುಣ ಕಸೂತಿಗಾರ್ತಿ ಶ್ರೀಮತಿ ಲೆರೂದಿಯೆ ಅವರಲ್ಲಿಗೆ ಹೋಗಿ ಸೂಕ್ಷ್ಮ ಹೊಲಿಗೆಯನ್ನು ಕಲಿತರು. ಅತಿ ತೆಳುವಾದ ಸೂಜಿ ಮತ್ತು ರೇಷ್ಮೆ ದಾರಗಳನ್ನು ಸಂಗ್ರಹಿಸಿ, ಅವುಗಳಿಗೆ ವ್ಯಾಸಲೀನ್ ಲೇಪಿಸಿ ನಾಳದ ಭಿತ್ತಿಗೆ ಗಾಯವಾಗದಂತೆ ಬಳಸುವುದನ್ನು ರೂಢಿಸಿಕೊಂಡರು. ಕೌದಿ ಹೊಲಿಯುವ ಕೈಗಳನ್ನೂ ಲಂಬಾಣಿ ಕಸೂತಿಯನ್ನೂ ಕಂಡಿರುವ ಈ ಭಾಗದ ಜನರಿಗೆ, ಹೊಲಿಗೆಯ ಅಂದವು ಹೆಚ್ಚು ಬಿಗಿಯುವುದರಲ್ಲಿ ಇಲ್ಲ, ಸಮನಾಗಿ ಹಾಕುವುದರಲ್ಲಿದೆ ಎಂಬುದನ್ನು ವಿವರಿಸಬೇಕಾಗಿಲ್ಲ.

1902ರಲ್ಲಿ ಅವರು ತಮ್ಮ ವಿಧಾನವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದುಂಡಗಿನ ನಾಳದ ಬಾಯಿಗೆ ಸಮಾನ ಅಂತರದಲ್ಲಿ ಮೂರು ಹೊಲಿಗೆಗಳನ್ನು ಹಾಕಿ ಮೂರೂ ದಿಕ್ಕಿಗೆ ಮೃದುವಾಗಿ ಎಳೆದಾಗ ದುಂಡು ಬಾಯಿಯು ತ್ರಿಕೋನವಾಗುತ್ತದೆ. ಹೀಗೆ ದೊರೆತ ಮೂರು ನೇರ ಅಂಚುಗಳನ್ನು ಒಂದೊಂದಾಗಿ ಹೊಲಿಯುವುದು ಸುಲಭ. ಎದುರಿನ ಭಿತ್ತಿಯು ಹೊಲಿಗೆಯಲ್ಲಿ ಸಿಕ್ಕಿಕೊಳ್ಳುವ ಭಯವೂ ಇರುವುದಿಲ್ಲ. ಅಂಚುಗಳನ್ನು ಸ್ವಲ್ಪ ಹೊರಮಗ್ಗುಲಿಗೆ ಮಡಚಿದಾಗ ಎರಡೂ ನಾಳಗಳ ನುಣುಪಾದ ಒಳಪದರಗಳು ಒಂದಕ್ಕೊಂದು ತಾಗಿ ರಕ್ತ ಹೆಪ್ಪುಗಟ್ಟುವ ಸಂಭವವು ಕಡಿಮೆಯಾಗುತ್ತದೆ.

ಈ ಕ್ಷೇತ್ರದಲ್ಲಿ ಕ್ಯಾರೆಲ್ ಅವರೊಬ್ಬರೇ ದುಡಿದವರಲ್ಲ. ಲಿಯಾನ್ ನಗರದ ಮ್ಯಾಥ್ಯೂ ಜಬುಲೆ ಅವರು ಇದಕ್ಕೆ ಮೊದಲೇ ನಾಳಗಳ ಜೋಡಣೆಯಲ್ಲಿ ಪ್ರಯೋಗಗಳನ್ನು ನಡೆಸಿದ್ದರು. ವಿಯೆನ್ನಾದ ಎಮೆರಿಕ್ ಉಲ್‌ಮನ್ ಅವರು 1902ರಲ್ಲಿ ನಾಯಿಯ ಮೂತ್ರಪಿಂಡವನ್ನು ಅದೇ ನಾಯಿಯ ಕುತ್ತಿಗೆಯ ರಕ್ತನಾಳಗಳಿಗೆ ಜೋಡಿಸಿ ತೋರಿಸಿದ್ದರು. ಆದರೆ ಬೇರೆ ಶಸ್ತ್ರವೈದ್ಯರೂ ಕಲಿತು ಮತ್ತೆ ಮತ್ತೆ ಯಶಸ್ವಿಯಾಗಿ ಮಾಡಬಹುದಾದ ವಿಧಾನವನ್ನು ರೂಪಿಸಿದ ಕೀರ್ತಿ ಕ್ಯಾರೆಲ್ ಅವರಿಗೆ ಸಲ್ಲುತ್ತದೆ.

ಅಮೆರಿಕಕ್ಕೆ ಪಯಣ ಮತ್ತು ಮೂತ್ರಪಿಂಡದ ಪ್ರಯೋಗಗಳು

1902ರಲ್ಲಿ ಕ್ಯಾರೆಲ್ ಅವರು ಯಾತ್ರಾಸ್ಥಳವಾದ ಲೂರ್ದ್‌ಗೆ ಹೋಗಿ, ಅಲ್ಲಿ ತೀವ್ರ ಅಸ್ವಸ್ಥಳಾಗಿದ್ದ ಯುವತಿಯೊಬ್ಬಳು ಗುಣಮುಖಳಾದುದನ್ನು ಕಂಡುದಾಗಿ ತಿಳಿಸಿದರು. ಇದರಿಂದ ವೈದ್ಯ ವಲಯದಲ್ಲಿ ವಿವಾದವುಂಟಾಯಿತು. ಲಿಯಾನ್ ನಗರದ ಆಸ್ಪತ್ರೆಯಲ್ಲಿ ಅವರು ಬಯಸಿದ ಹುದ್ದೆಯೂ ದೊರೆಯಲಿಲ್ಲ. 1904ರಲ್ಲಿ ಅವರು ತಾಯ್ನಾಡನ್ನು ತೊರೆದು ಕೆನಡಾ ದೇಶಕ್ಕೆ ತೆರಳಿ, ಅಲ್ಲಿಂದ ಅಮೆರಿಕದ ಷಿಕಾಗೋ ನಗರವನ್ನು ಸೇರಿದರು.

ಷಿಕಾಗೋ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಗುತ್ರಿ ಅವರ ಜೊತೆಗೂಡಿ ಕೈಗೊಂಡ ಪ್ರಯೋಗಗಳು ಮೂತ್ರಪಿಂಡ ಕಸಿಯ ಇತಿಹಾಸದಲ್ಲಿ ಮಹತ್ವದ ಸ್ಥಾನ ಪಡೆದಿವೆ. ಮೂತ್ರಪಿಂಡಕ್ಕೆ ರಕ್ತವನ್ನು ಒಯ್ಯುವ ಅಪಧಮನಿಯು ಬಹಳ ಕಿರಿದು. ಅದನ್ನು ಬುಡದಲ್ಲಿ ಕತ್ತರಿಸಿ ಮತ್ತೊಂದೆಡೆ ಹೊಲಿದಾಗ ಬಾಯಿ ಕುಗ್ಗುವ ಅಪಾಯವಿತ್ತು. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಸರಳವಾದುದು. ಕಿರಿಯ ನಾಳವನ್ನು ಮಾತ್ರ ಕತ್ತರಿಸದೆ, ಅದು ಕವಲೊಡೆಯುವ ಮಹಾಪಧಮನಿಯ ಭಿತ್ತಿಯ ಒಂದು ಸಣ್ಣ ತುಂಡನ್ನೂ ಸೇರಿಸಿ ತೆಗೆಯುವುದು. ಆ ತುಂಡಿನ ಅಂಚನ್ನು ಹೊಸ ಸ್ಥಳದಲ್ಲಿ ತೇಪೆಯಂತೆ ಹೊಲಿಯುವುದು. 1906ರಲ್ಲಿ ಈ ವಿಧಾನವನ್ನು ಇಬ್ಬರೂ ಪ್ರಕಟಿಸಿದರು.

ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳನ್ನು ಕಂಡಿರುವ ಭೀಮರಾಯನಗುಡಿ ಪರಿಸರದ ರೈತರಿಗೆ ಇದನ್ನು ಸುಲಭವಾಗಿ ಹೀಗೆ ತಿಳಿಸಬಹುದು. ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆ ಹೊರಡುವ ತೂಬಿನ ಬಾಯಿಯೇ ನಾಜೂಕಾದ ಭಾಗ. ತೂಬನ್ನು ಸುತ್ತಲಿನ ಕಟ್ಟಡದ ಸಮೇತ ಎತ್ತಿ ಬೇರೊಂದು ಕಾಲುವೆಯ ಏರಿಗೆ ಕೂಡಿಸಿದಂತಾದರೆ, ಬೆಸುಗೆ ಬೀಳುವುದು ಅಗಲವಾದ ಕಟ್ಟಡದ ಅಂಚಿಗೆ. ನೀರು ಹರಿಯುವ ಕಿರಿದಾದ ಬಾಯಿಗೆ ಧಕ್ಕೆಯಾಗುವುದಿಲ್ಲ. ಮಹಾಪಧಮನಿಯ ಈ ತುಂಡನ್ನು ವೈದ್ಯರು ಇಂದಿಗೂ ಕ್ಯಾರೆಲ್ ಪ್ಯಾಚ್ ಎಂದೇ ಕರೆಯುತ್ತಾರೆ. ಇದರ ಶ್ರೇಯಸ್ಸಿನಲ್ಲಿ ಗುತ್ರಿ ಅವರಿಗೆ ಸಲ್ಲಬೇಕಾದ ಪಾಲು ಸಲ್ಲಲಿಲ್ಲ ಎಂಬ ಅಭಿಪ್ರಾಯವು ವೈದ್ಯಕೀಯ ಇತಿಹಾಸಕಾರರಲ್ಲಿದೆ.

1906ರಲ್ಲಿ ಕ್ಯಾರೆಲ್ ಅವರು ನ್ಯೂಯಾರ್ಕ್ ನಗರದ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು. ಬೆಳಕಿನ ಪ್ರತಿಫಲನವು ಕಣ್ಣಿಗೆ ತೊಡಕಾಗಬಾರದೆಂದು ಅಲ್ಲಿ ಅವರೂ ಅವರ ಸಹಾಯಕರೂ ಕಪ್ಪು ನಿಲುವಂಗಿ ಧರಿಸಿ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. 1908ರಲ್ಲಿ ಅವರು ಹೆಣ್ಣು ನಾಯಿಯೊಂದರ ಮೂತ್ರಪಿಂಡವನ್ನು ಹೊರತೆಗೆದು, ಲವಣ ದ್ರಾವಣದಿಂದ ತೊಳೆದು, ಸುಮಾರು 50 ನಿಮಿಷಗಳ ನಂತರ ಅದೇ ಪ್ರಾಣಿಯ ದೇಹಕ್ಕೆ ಮರಳಿ ಜೋಡಿಸಿದರು. ಕೆಲವು ದಿನಗಳ ತರುವಾಯ ಮತ್ತೊಂದು ಮೂತ್ರಪಿಂಡವನ್ನು ತೆಗೆದುಹಾಕಲಾಯಿತು. ಮರಳಿ ಜೋಡಿಸಿದ ಒಂದೇ ಮೂತ್ರಪಿಂಡದ ಬಲದಿಂದ ಆ ಪ್ರಾಣಿಯು ಎರಡು ವರ್ಷಕ್ಕೂ ಮೀರಿ ಬದುಕಿ, ಮರಿಗಳನ್ನೂ ಹಾಕಿತು. ದೇಹದಿಂದ ಹೊರಗೆ ಬಂದ ಅಂಗವು ತೊಳೆದು ಅಣಿಗೊಳಿಸಿದಲ್ಲಿ ಮತ್ತೆ ಕೆಲಸ ಮಾಡಬಲ್ಲುದು ಎಂಬುದಕ್ಕೆ ಇದು ಸ್ಪಷ್ಟ ಸಾಕ್ಷಿಯಾಯಿತು.

ನೊಬೆಲ್ ಪ್ರಶಸ್ತಿ ಮತ್ತು ಬಗೆಹರಿಯದ ಸಮಸ್ಯೆ

ರಕ್ತನಾಳಗಳ ಹೊಲಿಗೆ ಹಾಗೂ ರಕ್ತನಾಳ ಮತ್ತು ಅಂಗಗಳ ಕಸಿಗೆ ಸಂಬಂಧಿಸಿದ ಕಾರ್ಯಕ್ಕಾಗಿ 1912ರಲ್ಲಿ ಕ್ಯಾರೆಲ್ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ನೀಡಲಾಯಿತು. ಆಗ ಅವರಿಗೆ 39 ವರ್ಷ.

ಆದರೆ ಒಂದು ಸಮಸ್ಯೆ ಹಾಗೆಯೇ ಉಳಿದಿತ್ತು. ಪ್ರಾಣಿಯ ಅಂಗವನ್ನು ಅದೇ ಪ್ರಾಣಿಗೆ ಮರಳಿ ಜೋಡಿಸಿದರೆ ಅದು ಉಳಿಯುತ್ತಿತ್ತು. ಬೇರೊಂದು ಪ್ರಾಣಿಯಿಂದ ತಂದು ಜೋಡಿಸಿದರೆ ಕೆಲವು ದಿನಗಳಲ್ಲಿ ಕೆಡುತ್ತಿತ್ತು. ದೋಷವು ಹೊಲಿಗೆಯಲ್ಲಿ ಇಲ್ಲ, ದೇಹದ ಸ್ವಭಾವದಲ್ಲಿಯೇ ಇದೆ ಎಂಬುದನ್ನು ಕ್ಯಾರೆಲ್ ಅವರು ಗುರುತಿಸಿದರು. ಅದಕ್ಕೆ ಪರಿಹಾರ ಅವರಿಗೆ ದೊರೆಯಲಿಲ್ಲ. ಪರಕೀಯ ಅಂಗವನ್ನು ದೇಹದ ರೋಗನಿರೋಧಕ ವ್ಯವಸ್ಥೆಯು ತಿರಸ್ಕರಿಸುತ್ತದೆ ಎಂಬುದನ್ನು 1940ರ ದಶಕದಲ್ಲಿ ಪೀಟರ್ ಮೆಡವಾರ್ ಅವರ ಸಂಶೋಧನೆಗಳು ವಿಶದಪಡಿಸಿದವು.

ಯುದ್ಧಕಾಲ ಮತ್ತು ನಂತರದ ಸಂಶೋಧನೆ

ಮೊದಲ ಮಹಾಯುದ್ಧದ ಕಾಲದಲ್ಲಿ ಕ್ಯಾರೆಲ್ ಅವರು ಫ್ರಾನ್ಸಿನ ಸೇನೆಗೆ ಸೇವೆ ಸಲ್ಲಿಸಿದರು. ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಅವರೊಡನೆ, ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ಗಾಯಗಳನ್ನು ನಿಯತವಾಗಿ ತೊಳೆಯುವ ವಿಧಾನವನ್ನು ರೂಪಿಸಿದರು. ಪ್ರತಿಜೀವಕ ಔಷಧಗಳು ಇಲ್ಲದ ಆ ಕಾಲದಲ್ಲಿ ಕೊಳೆಯುತ್ತಿದ್ದ ಗಾಯಗಳ ಚಿಕಿತ್ಸೆಗೆ ಇದು ನೆರವಾಯಿತು. 1913ರಲ್ಲಿ ಅವರನ್ನು ವಿವಾಹವಾಗಿದ್ದ ದಾದಿ ಆನ್-ಮರಿ ಅವರು ಯುದ್ಧಕಾಲದ ಸೇವೆಯಲ್ಲಿ ಜೊತೆಗಿದ್ದರು.

ಮುಂದೆ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಸಹಯೋಗದಲ್ಲಿ, ದೇಹದಿಂದ ಬೇರ್ಪಡಿಸಿದ ಅಂಗಗಳಿಗೆ ಪೋಷಕ ದ್ರಾವಣವನ್ನು ಹಾಯಿಸುವ ಗಾಜಿನ ಪಂಪ್ ಒಂದನ್ನು ಸಿದ್ಧಪಡಿಸಿ 1935ರಲ್ಲಿ ಪ್ರಕಟಪಡಿಸಿದರು. ದಾನದ ಮೂತ್ರಪಿಂಡಕ್ಕೆ ಯಂತ್ರದ ಮೂಲಕ ದ್ರಾವಣ ಹಾಯಿಸುತ್ತಾ ಕಾಪಾಡುವ ಇಂದಿನ ಪದ್ಧತಿಯ ಪೂರ್ವಸೂಚನೆಯನ್ನು ಇದರಲ್ಲಿ ಕಾಣಬಹುದು.

ಕೋಳಿಮರಿಯ ಹೃದಯದ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವು ಕೊನೆಯಿಲ್ಲದೆ ಬದುಕಬಲ್ಲವು ಎಂದು ಅವರು ಪ್ರತಿಪಾದಿಸಿದ್ದರು. ಸಾಮಾನ್ಯ ಜೀವಕೋಶಗಳು ವಿಭಜನೆಗೊಳ್ಳುವುದಕ್ಕೆ ಮಿತಿಯಿದೆ ಎಂದು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಅವರ ಸಹೋದ್ಯೋಗಿ ತೋರಿಸಿದ ನಂತರ ಆ ಪ್ರತಿಪಾದನೆ ಬಿದ್ದುಹೋಯಿತು.

ಕೊನೆಯ ವರ್ಷಗಳು ಮತ್ತು ಕಳಂಕ

ಕ್ಯಾರೆಲ್ ಅವರ ಜೀವನದ ಈ ಭಾಗವನ್ನು ಮರೆಮಾಚುವುದು ಸರಿಯಲ್ಲ. 1935ರಲ್ಲಿ ಪ್ರಕಟಗೊಂಡು ಅಪಾರವಾಗಿ ಮಾರಾಟವಾದ ಮ್ಯಾನ್, ದಿ ಅನ್‌ನೋನ್ ಎಂಬ ಗ್ರಂಥದಲ್ಲಿ ಅವರು ಮನುಷ್ಯರಲ್ಲಿ ಮೇಲು-ಕೀಳೆಂಬ ವಿಂಗಡಣೆಯನ್ನು ಸಮರ್ಥಿಸಿದರು. ಘೋರ ಅಪರಾಧಿಗಳು ಹಾಗೂ ಅಪರಾಧ ಎಸಗಿದ ಮಾನಸಿಕ ಅಸ್ವಸ್ಥರ ಪ್ರಾಣವನ್ನು ವಿಷಾನಿಲದಿಂದ ತೆಗೆಯಬಹುದೆಂಬ ಕ್ರೂರ ಸಲಹೆಯನ್ನೂ ಮುಂದಿಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯೊಡನೆ ಸಹಕರಿಸಿದ ವಿಷಿ ಸರ್ಕಾರವು 1941ರಲ್ಲಿ ಸ್ಥಾಪಿಸಿದ ಸಂಶೋಧನಾ ಪ್ರತಿಷ್ಠಾನದ ಮುಖ್ಯಸ್ಥರಾದರು. ಪ್ಯಾರಿಸ್ ನಗರವು ವಿಮೋಚನೆಗೊಂಡ ನಂತರ ಅವರ ಮೇಲೆ ಆರೋಪಗಳು ಬಂದವು. ಅವುಗಳ ವಿಚಾರಣೆ ನಡೆಯುವ ಮೊದಲೇ, 1944ರ ನವೆಂಬರ್ 5ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಲಿಯಾನ್ ನಗರದ ವೈದ್ಯಕೀಯ ವಿಭಾಗವೊಂದಕ್ಕೆ ಇಡಲಾಗಿದ್ದ ಅವರ ಹೆಸರನ್ನು 1996ರಲ್ಲಿ ಬದಲಾಯಿಸಲಾಯಿತು.

ಅವರ ಹೊಲಿಗೆಯು ಕೋಟ್ಯಂತರ ಜನರಿಗೆ ಉಪಕಾರವಾಗಿದೆ. ಅವರ ಆ ವಿಚಾರಗಳನ್ನು ಜಗತ್ತು ತಿರಸ್ಕರಿಸಿದೆ. ಎರಡನ್ನೂ ಒಟ್ಟಿಗೆ ತಿಳಿದಿರುವುದು ಅವಶ್ಯಕ.

ಅವರ ನಂತರ ಮೂತ್ರಪಿಂಡ ಕಸಿ

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರೆ ಅವರ ತಂಡವು ತದ್ರೂಪಿ ಅವಳಿ ಸಹೋದರರ ನಡುವೆ ಮೂತ್ರಪಿಂಡ ಕಸಿಯನ್ನು ಯಶಸ್ವಿಯಾಗಿ ನೆರವೇರಿಸಿತು. ಅಂಗ ತಿರಸ್ಕಾರದ ತೊಡಕು ಅಲ್ಲಿ ಇರಲಿಲ್ಲವಾದ್ದರಿಂದ ಹೊಲಿಗೆಯೊಂದೇ ಸಾಕಾಯಿತು. ಮರೆ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ತಿರಸ್ಕಾರವನ್ನು ತಡೆಯುವ ಔಷಧಗಳು ಬಂದ ಮೇಲೆ ಅವಳಿಗಳಲ್ಲದವರ ನಡುವೆಯೂ ಕಸಿ ಸಾಧ್ಯವಾಯಿತು. ಭಾರತದಲ್ಲಿ ಮೊದಲ ಯಶಸ್ವಿ ಮೂತ್ರಪಿಂಡ ಕಸಿಯು 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನಡೆಯಿತು.

ಇಂದು ದಾನದ ಮೂತ್ರಪಿಂಡವನ್ನು ಅಣಿಗೊಳಿಸುವ ಕ್ರಮ

ಸಾರ್ವಜನಿಕರ ತಿಳಿವಳಿಕೆಗಾಗಿ ಬೆಂಚ್ ಸರ್ಜರಿಯ ಮುಖ್ಯ ಹಂತಗಳನ್ನು ಕೆಳಗೆ ನೀಡಲಾಗಿದೆ.

1. ಹೊರತೆಗೆದ ಮೂತ್ರಪಿಂಡದ ಅಪಧಮನಿಯ ಮೂಲಕ ತಣ್ಣನೆಯ ಸಂರಕ್ಷಣಾ ದ್ರಾವಣವನ್ನು ಹಾಯಿಸಲಾಗುತ್ತದೆ. ಒಳಗಿನ ರಕ್ತವೆಲ್ಲ ತೊಳೆದುಹೋಗಿ, ಹೊರಬರುವ ದ್ರಾವಣವು ತಿಳಿಯಾಗುವವರೆಗೆ ಇದನ್ನು ಮುಂದುವರಿಸಲಾಗುತ್ತದೆ.

2. ಅಂಗವನ್ನು ಮಂಜಿನ ಪಾತ್ರೆಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇರಿಸಲಾಗುತ್ತದೆ. ತಂಪಿನಲ್ಲಿ ಜೀವಕೋಶಗಳಿಗೆ ಬೇಕಾಗುವ ಆಮ್ಲಜನಕವು ಬಹಳ ಕಡಿಮೆಯಾದುದರಿಂದ ಅಂಗವು ಕೆಡದೆ ಉಳಿಯುತ್ತದೆ. ಆದರೂ ಕಾಲ ಕಳೆದಂತೆ ಹಾನಿ ಹೆಚ್ಚುವುದರಿಂದ ಕೆಲಸವು ಬೇಗ ಮುಗಿಯಬೇಕು.

3. ಸುತ್ತಲಿನ ಅನಗತ್ಯ ಕೊಬ್ಬನ್ನು ತೆಗೆದು, ಅಂಗದ ಮೇಲೆ ಗಾಯ ಅಥವಾ ಗಂಟು ಇದೆಯೇ ಎಂದು ಪರೀಕ್ಷಿಸಲಾಗುತ್ತದೆ. ಮೂತ್ರಪಿಂಡದ ಕೆಳತುದಿ ಮತ್ತು ಮೂತ್ರನಾಳದ ನಡುವಿನ ಕೊಬ್ಬನ್ನು ಮಾತ್ರ ಮುಟ್ಟುವುದಿಲ್ಲ. ಮೂತ್ರನಾಳಕ್ಕೆ ರಕ್ತ ಒದಗಿಸುವ ಸೂಕ್ಷ್ಮ ನಾಳಗಳು ಅದರೊಳಗೆ ಇರುತ್ತವೆ. ಅದನ್ನು ಕೆರೆದು ತೆಗೆದರೆ ಮೂತ್ರನಾಳವು ಸತ್ತು, ಕಸಿಯ ನಂತರ ಮೂತ್ರ ಸೋರುವ ಅಪಾಯವಿರುತ್ತದೆ.

4. ಅಪಧಮನಿ ಮತ್ತು ಅಭಿಧಮನಿಗಳನ್ನು ಬಿಡಿಸಿ, ಅವುಗಳ ಸಣ್ಣ ಕವಲುಗಳನ್ನು ಕಟ್ಟಲಾಗುತ್ತದೆ. ದ್ರಾವಣ ಹಾಯಿಸಿ ಸೋರಿಕೆ ಇದೆಯೇ ಎಂದು ನೋಡಿ, ಇದ್ದಲ್ಲಿ ಮುಚ್ಚಲಾಗುತ್ತದೆ.

5. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದು ಮೂತ್ರಪಿಂಡಕ್ಕೆ ಒಂದಕ್ಕಿಂತ ಹೆಚ್ಚು ಅಪಧಮನಿಗಳಿರುತ್ತವೆ. ಮೃತ ದಾನಿಯ ಅಂಗವಾದಲ್ಲಿ ಅವುಗಳನ್ನು ಒಂದೇ ಕ್ಯಾರೆಲ್ ಪ್ಯಾಚ್ ಮೇಲೆ ಉಳಿಸಿಕೊಳ್ಳಬಹುದು. ಜೀವಂತ ದಾನಿಯಿಂದ ಮಹಾಪಧಮನಿಯ ತುಂಡನ್ನು ತೆಗೆಯುವಂತಿಲ್ಲ. ಏಕೆಂದರೆ ದಾನಿಯ ಸುರಕ್ಷತೆಯೇ ಮೊದಲು. ಆಗ ಎರಡು ನಾಳಗಳನ್ನು ಅಕ್ಕಪಕ್ಕದಲ್ಲಿ ಹೊಲಿದು ಒಂದೇ ಬಾಯಿಯಾಗಿಸುವುದು ಅಥವಾ ಸಣ್ಣದನ್ನು ದೊಡ್ಡದರ ಪಕ್ಕಕ್ಕೆ ಸೇರಿಸುವುದು ವಾಡಿಕೆ.

6. ಬಲ ಮೂತ್ರಪಿಂಡದ ಅಭಿಧಮನಿಯು ಎಡದ್ದಕ್ಕಿಂತ ಗಿಡ್ಡವಾಗಿರುತ್ತದೆ. ಮೃತ ದಾನಿಯಲ್ಲಿ ಪಕ್ಕದ ಮಹಾಭಿಧಮನಿಯ ಭಾಗವನ್ನು ಬಳಸಿ ಅದನ್ನು ಉದ್ದಗೊಳಿಸಬಹುದು. ಜೀವಂತ ದಾನಿಗಳಲ್ಲಿ, ಬೇರೆ ಕಾರಣಗಳಿಲ್ಲದಿದ್ದರೆ, ಎಡ ಮೂತ್ರಪಿಂಡಕ್ಕೆ ಆದ್ಯತೆ ನೀಡುವುದು ಇದೇ ಕಾರಣದಿಂದ.

ಹೀಗೆ ಅಣಿಯಾದ ಮೂತ್ರಪಿಂಡವನ್ನು ರೋಗಿಯ ಕಿಬ್ಬೊಟ್ಟೆಯಲ್ಲಿ ಇರಿಸಿ, ಅಲ್ಲಿನ ರಕ್ತನಾಳಗಳಿಗೂ ಮೂತ್ರಕೋಶಕ್ಕೂ ಜೋಡಿಸಲಾಗುತ್ತದೆ. ಸಾಮಾನ್ಯವಾಗಿ ರೋಗಿಯ ಹಳೆಯ ಮೂತ್ರಪಿಂಡಗಳನ್ನು ತೆಗೆಯುವುದಿಲ್ಲ.

ನಾಗರಿಕರು ಗಮನಿಸಬೇಕಾದ ಅಂಶಗಳು

ನಮ್ಮ ದೇಶದಲ್ಲಿ ಅಂಗಾಂಗ ಕಸಿಯು 1994ರ ಮಾನವ ಅಂಗಾಂಗಗಳ ಕಸಿ ಕಾಯ್ದೆ, ಅದಕ್ಕೆ 2011ರಲ್ಲಿ ಮಾಡಲಾದ ತಿದ್ದುಪಡಿ ಹಾಗೂ 2014ರ ನಿಯಮಗಳಿಗೆ ಒಳಪಟ್ಟಿರುತ್ತದೆ. ಪತಿ ಅಥವಾ ಪತ್ನಿ, ತಂದೆ, ತಾಯಿ, ಮಕ್ಕಳು, ಸಹೋದರ, ಸಹೋದರಿ, ಅಜ್ಜ-ಅಜ್ಜಿ ಮತ್ತು ಮೊಮ್ಮಕ್ಕಳನ್ನು ಹತ್ತಿರದ ಸಂಬಂಧಿಗಳೆಂದು ಪರಿಗಣಿಸಲಾಗುತ್ತದೆ. ಇವರಲ್ಲದವರು ದಾನ ಮಾಡಬಯಸಿದಲ್ಲಿ ಅಧಿಕೃತ ಸಮಿತಿಯ ಅನುಮತಿ ಕಡ್ಡಾಯ. ಮೂತ್ರಪಿಂಡದ ಮಾರಾಟ, ಖರೀದಿ ಹಾಗೂ ಅದಕ್ಕಾಗಿ ಮಧ್ಯವರ್ತಿಯಾಗುವುದು ಅಪರಾಧವಾಗಿದ್ದು, 5ರಿಂದ 10 ವರ್ಷಗಳವರೆಗೆ ಸೆರೆವಾಸ ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆಯು ನಿರ್ವಹಿಸುತ್ತದೆ.

ಅರ್ಜಿಯೊಡನೆ ಸಂಬಂಧದ ದಾಖಲೆಗಳನ್ನು ಕೇಳುವುದು, ದಾನಿಯನ್ನು ಪ್ರತ್ಯೇಕವಾಗಿ ವಿಚಾರಿಸುವುದು ಕೆಲವರಿಗೆ ವಿಳಂಬವೆಂದು ತೋರಬಹುದು. ಬಡತನವನ್ನಾಗಲಿ ಅಸಹಾಯಕತೆಯನ್ನಾಗಲಿ ಬಳಸಿಕೊಂಡು ಯಾರೊಬ್ಬರ ಅಂಗವನ್ನೂ ಪಡೆಯಬಾರದೆಂಬುದೇ ಈ ಪರಿಶೀಲನೆಯ ಉದ್ದೇಶ. ಕ್ಯಾರೆಲ್ ಅವರು ರಕ್ತನಾಳವನ್ನು ಜೋಡಿಸುವ ದಾರಿ ತೋರಿದರು. ಮನುಷ್ಯರ ನಡುವೆ ಮೇಲು-ಕೀಳಿನ ಗೆರೆಯನ್ನೂ ಎಳೆದರು. ಅವರ ಹೊಲಿಗೆಯನ್ನು ಇಂದಿನ ವೈದ್ಯರು ಉಳಿಸಿಕೊಂಡಿದ್ದಾರೆ, ಆ ಗೆರೆಯನ್ನು ಇಂದಿನ ಕಾನೂನು ಒಪ್ಪುವುದಿಲ್ಲ. ಮಂಜಿನ ಪಾತ್ರೆಯಲ್ಲಿ ಇರಿಸಿದ ಮೂತ್ರಪಿಂಡವು ಯಾರದಾಗಿದ್ದರೂ, ಯಾರಿಗೆ ಸೇರಲಿದ್ದರೂ, ಅದಕ್ಕೆ ಸಲ್ಲುವ ಎಚ್ಚರಿಕೆ ಒಂದೇ ಆಗಿರುತ್ತದೆ.